ಲಿಂಗಕ್ಕೆ ತೋರಿಸಿ ತೆಗೆದುಕೊಂಡ ಮಾತ್ರೆ

ನಮ್ಮ ಮನೆಯಲ್ಲಿ ಕೊತ್ತಂಬರಿ ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಹಾಕುವುದು ಶುರುವಾದದ್ದು ಹೋದ ತಿಂಗಳಿನಿಂದ. ಮಹಡಿಯಲ್ಲಿ ಬಾಡಿಗೆಗಿರುವವರ ಮಗಳು ಕಾಲೇಜಿಗೆ ಹೋಗುವವಳು. ಊಟಕ್ಕೆ ಕೂತಲ್ಲೇ ಅವಳಿಗೆ ಫಿಟ್ಸ್ ಬಂತು. ಕೆ.ಆರ್. ನಗರದಿಂದ ಮೈಸೂರಿಗೆ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸಿದರು. ಮೆದುಳಿನೊಳಗೆ ಕಾಳಿನಷ್ಟು ದೊಡ್ಡ ಒಂದು ಚುಕ್ಕೆ ಕಂಡಿತಂತೆ. ಹುಳುವಿನ ಮರಿ ಗೂಡು ಕಟ್ಟಿಕೊಂಡಿದೆ, ಹಸಿ ಸೊಪ್ಪು ತರಕಾರಿಯಿಂದ ಬಂದಿರಬಹುದು, ಹೆದರಬೇಡಿ ಎಂದರಂತೆ ಡಾಕ್ಟರು. ಹುಳುವಿಗೆ ಒಂದು ಮಾತ್ರೆ, ಫಿಟ್ಸಿಗೆ ಒಂದು ಮಾತ್ರೆ. ಹುಡುಗಿ ಪರೀಕ್ಷೆಯನ್ನೂ ಬರೆದು ಬಂದಳು. ಅವಳ ತಾಯಿ ಇದನ್ನೆಲ್ಲ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು. ಯಾರೂ ಮುಖ ಸಿಂಡರಿಸಲಿಲ್ಲ, ದನಿ ತಗ್ಗಿಸಲಿಲ್ಲ.

ಅವತ್ತೇ ಸಂಜೆ ನನ್ನ ಸೊಸೆ ಬೇರಿನ ಮಣ್ಣು ಸಮೇತ ಒಂದು ಕಟ್ಟು ಕೊತ್ತಂಬರಿಯನ್ನು ನೀರಿಗೆ ಅದ್ದಿದಳು. ಒದ್ದೆ ಮಣ್ಣಿನ ವಾಸನೆ, ಅದರ ಮೇಲೆ ಎಳೆ ಸೊಪ್ಪಿನ ವಾಸನೆ, ಎರಡೂ ಸೇರಿ ಪಡಸಾಲೆಗೆ ಬಂತು. ನಾನು ಪತ್ರಿಕೆ ಓದುತ್ತಿದ್ದವನು ಕೆಳಗಿಟ್ಟೆ. ಕಂಪಲಾಪುರದ ಆ ಹಿತ್ತಲು, ಕೆರೆಯ ಕಡೆಯಿಂದ ಹರಿದು ಬರುತ್ತಿದ್ದ ಆ ಸಣ್ಣ ಕಾಲುವೆ, ಅದರ ಅಂಚಿನಲ್ಲಿ ಪಂಚೆ ಎತ್ತಿ ಕಟ್ಟಿ ಕೂತಿದ್ದ ಅವರು...

ಐವತ್ತರ ದಶಕದ ನಡುವಿನ ಮಾತು. ನಾನು ಹೊಸ ಅಗ್ರಹಾರದ ಕಡೆಯ ಒಕ್ಕಲು ಮನೆಯವನು. ಮೇಷ್ಟ್ರ ಕೆಲಸ ಸಿಕ್ಕಿ ಮೊದಲು ಹಾಕಿದ್ದು ಕಂಪಲಾಪುರಕ್ಕೆ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಮೇಲೆಯೇ ಒಂದು ದಿನಸಿ ಅಂಗಡಿ ಇತ್ತು. ಅಂಗಡಿಗೆ ಅಂಟಿಕೊಂಡ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟರು. ನಡುವೆ ಒಂದೇ ಗೋಡೆ. ಅಂಗಡಿಯವರನ್ನು ಊರಿನಲ್ಲಿ ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಲಿಂಗಾಯತರು. ನಾಲ್ಕು ತಲೆಮಾರಿನಿಂದ ಅಲ್ಲೇ ವ್ಯಾಪಾರ, ಸ್ವಲ್ಪ ಹೊಲ. ಮೂವತ್ತೈದು ದಾಟಿರಬಹುದು, ಗಟ್ಟಿ ಆಳು. ಮಾತು ಕಡಿಮೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಒಬ್ಬಳೇ ಮಗಳು, ಆಗಿನ್ನೂ ಚಿಕ್ಕವಳು.

ಅವರ ಒಂದು ನಡವಳಿಕೆಯನ್ನು ಇಲ್ಲಿ ಬಿಡಿಸಿ ಹೇಳಬೇಕು, ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ಬೆಳಗ್ಗೆ ಮಿಂದು, ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕೂರುತ್ತಿದ್ದರು. ಅದು ಮುಗಿಯದೆ ಅಂಗಡಿಯ ಬಾಗಿಲು ತೆಗೆಯುತ್ತಿರಲಿಲ್ಲ, ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಇದನ್ನು ಬಹಳ ಜನ ಮಾಡುತ್ತಿದ್ದರು. ಆದರೆ ಅವರು ಆಮೇಲೆ ಇಡೀ ದಿನ ಏನೇ ಬಾಯಿಗೆ ಹಾಕಿಕೊಂಡರೂ ಅದನ್ನು ಮೊದಲು ಎದೆಯ ಮೇಲಿನ ಕರಡಿಗೆಗೆ ಮುಟ್ಟಿಸುತ್ತಿದ್ದರು. ಸಂತೆಯಲ್ಲಿ ಕೊಂಡ ಬಾಳೆಹಣ್ಣಾಗಲಿ, ಯಾರೋ ಕೊಟ್ಟ ಬೆಲ್ಲದ ಚೂರಾಗಲಿ. ಹಿತ್ತಲಲ್ಲಿ ಅವರೇ ಬೆಳೆದ ಎಳೆ ಮೂಲಂಗಿಯನ್ನು ಕಿತ್ತು, ಕಾಲುವೆಯಲ್ಲಿ ಅದ್ದಿ, ಎದೆಗೆ ಮುಟ್ಟಿಸಿ, ಅಲ್ಲೇ ಕೂತು ಕಚ್ಚಿ ತಿನ್ನುತ್ತಿದ್ದರು. ಕೊತ್ತಂಬರಿ ದಂಟನ್ನೂ ಹಾಗೇ. ಹಸಿ ಸೊಪ್ಪೆಂದರೆ ಅವರಿಗೆ ಬಲು ಇಷ್ಟ. ನನಗೂ ಕೊಡುತ್ತಿದ್ದರು, ತಿನ್ನುತ್ತಿದ್ದೆ.

ಒಂದು ಬೆಳಗ್ಗೆ ಗೋಡೆಯ ಆಚೆ ತಕ್ಕಡಿ ಬಿದ್ದ ಸದ್ದಾಯಿತು. ಬೆಕ್ಕು ಕೆಡವಿತೆಂದುಕೊಂಡೆ. ಆಮೇಲೆ ಅಕ್ಕನ ಕೂಗು. ಹೋಗಿ ನೋಡಿದರೆ ಅವರು ರಾಗಿ ಚೀಲದ ಪಕ್ಕದಲ್ಲಿ ಬಿದ್ದಿದ್ದರು. ಮೈಯೆಲ್ಲ ಸೆಟೆದು ನಡುಗುತ್ತಿತ್ತು, ಕಣ್ಣು ಮೇಲೆ ಹೋಗಿತ್ತು, ಬಾಯಂಚಿನಲ್ಲಿ ನೊರೆ. ಯಾರೋ ಬೀಗದ ಕೈ ತಂದು ಅಂಗೈಯಲ್ಲಿ ಒತ್ತಿದರು, ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಅಕ್ಕ ಮಾತ್ರ ಎರಡೂ ಕೈಯಿಂದ ಅವರ ಎದೆಯ ಮೇಲಿನ ಕರಡಿಗೆಯನ್ನು ಮುಚ್ಚಿ ಹಿಡಿದು ಕೂತಿದ್ದರು. ಅದು ನೆಲಕ್ಕೆ ತಾಗಬಾರದಲ್ಲ.

ಮೂರ್ಛೆರೋಗ ಎಂದರು ಊರವರು. ಗಾಳಿ ಸೋಕಿದೆ ಎಂದರು. ಹಣೆಗೆ ಬರೆ ಹಾಕಿಸಿ ಎಂದರು ಕೆಲವರು. ಯಜಮಾನರು ಬರೆಗೆ ಒಪ್ಪಲಿಲ್ಲ. ನಾಟಿ ಔಷಧಿಯನ್ನು ಒಂದಷ್ಟು ದಿನ ಕುಡಿದರು, ಪ್ರಯೋಜನವಾಗಲಿಲ್ಲ. ಎರಡು ತಿಂಗಳು ಸುಮ್ಮನಿದ್ದು ಮತ್ತೆ ಬಂತು, ಆಮೇಲೆ ಬೇಗಬೇಗ ಬರತೊಡಗಿತು. ಒಮ್ಮೆ ಸೀಮೆಎಣ್ಣೆ ಅಳೆಯುತ್ತಿರುವಾಗ ಬಂತು. ಪಕ್ಕದಲ್ಲಿ ದೀಪ ಹಚ್ಚಿತ್ತು. ಗಿರಾಕಿಯೊಬ್ಬ ದೀಪವನ್ನು ಎತ್ತಿಕೊಂಡದ್ದರಿಂದ ಅಂಗಡಿ ಉಳಿಯಿತು. ಮಾರನೆಯ ದಿನ ಅಕ್ಕ ನನ್ನ ಕೋಣೆಯ ಬಾಗಿಲಿಗೆ ಬಂದು, ಮೈಸೂರಿನ ದೊಡ್ಡಾಸ್ಪತ್ರೆಗೆ ಜೊತೆಗೆ ಹೋಗಿ ಬನ್ನಿ ಎಂದು ಕೇಳಿಕೊಂಡರು.

ನಮ್ಮನ್ನು ನೋಡಿದ ಡಾಕ್ಟರು ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದವರು. ಅವರ ಪರೀಕ್ಷೆ ನಾನು ಅದುವರೆಗೆ ಕಂಡ ವೈದ್ಯರ ಪರೀಕ್ಷೆಯ ಹಾಗಿರಲಿಲ್ಲ. ನಾಡಿ ಹಿಡಿದು ಬಿಡಲಿಲ್ಲ. ಒಂದು ಸಣ್ಣ ದೀಪ ಹಿಡಿದು ಕಣ್ಣಿನ ಪಾಪೆಯೊಳಗೆ ಇಣುಕಿದರು. ಮಂಡಿಗೆ ಸುತ್ತಿಗೆಯಿಂದ ತಟ್ಟಿದರು. ಆಮೇಲೆ ತೋಳು, ಬೆನ್ನು, ಎದೆಯ ಮೇಲೆಲ್ಲ ಬೆರಳು ಆಡಿಸುತ್ತ ಹೋದರು. ತೋಳಿನ ಒಂದು ಕಡೆ ಬೆರಳು ನಿಂತಿತು. ಅಲ್ಲಿ ಚರ್ಮದ ಕೆಳಗೆ ಬಟಾಣಿ ಕಾಳಿನಂಥ ಗಂಟು. ನೋವಿಲ್ಲವೇ ಎಂದರು. ಇಲ್ಲ, ಅದು ಬಹಳ ವರ್ಷದಿಂದಿದೆ ಎಂದರು ಯಜಮಾನರು. ತೊಡೆಯ ಎಕ್ಸ್‌ರೇ ತೆಗೆಸಿದರು. ತಲೆಯ ರೋಗಕ್ಕೆ ತೊಡೆಯ ಚಿತ್ರ ಯಾಕೆ ಎಂದು ನಮಗಿಬ್ಬರಿಗೂ ಅರ್ಥವಾಗಲಿಲ್ಲ. ತೋಳಿನ ಗಂಟನ್ನು ಕೊಯ್ದು ತೆಗೆದು ಪರೀಕ್ಷೆಗೆ ಕಳುಹಿಸಿದರು. ಮುಂದಿನ ವಾರ ಮತ್ತೆ ಬರಲು ಹೇಳಿದರು.

ಮುಂದಿನ ವಾರ ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ತೊಡೆಯ ಮಾಂಸದ ನೆರಳಿನಲ್ಲಿ ಅಕ್ಕಿಕಾಳು ಚೆಲ್ಲಿದ ಹಾಗೆ ಬಿಳಿ ಗುರುತುಗಳಿದ್ದವು. ಎಲ್ಲವೂ ಒಂದೇ ದಿಕ್ಕಿಗೆ ಮಲಗಿದ್ದವು. ಇದು ಹಂದಿಯಿಂದ ಬರುವ ಲಾಡಿಹುಳುವಿನ ಮರಿ, ಸತ್ತು ಕಲ್ಲಾಗಿದೆ, ಇಂಥದೇ ಮೆದುಳಿನಲ್ಲೂ ಇರಬೇಕು, ಅದರಿಂದಲೇ ಫಿಟ್ಸ್ ಎಂದರು. ಸೈನ್ಯದಲ್ಲಿ ಇಂಥವನ್ನು ನೋಡಿ ಕಲಿತೆವು, ಮೊದಲಾಗಿದ್ದರೆ ಕಾರಣವೇ ಗೊತ್ತಾಗುತ್ತಿರಲಿಲ್ಲ ಎಂದೂ ಹೇಳಿದರು. ಮೆದುಳಿನ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರ ಬಂದಿರುವುದನ್ನು ತಿಳಿಸಿ, ಬೇಕಾದರೆ ಬೆಂಗಳೂರಿಗೆ ಬರೆದುಕೊಡುತ್ತೇನೆ ಎಂದರು. ಅವರ ದನಿಯಲ್ಲಿ ಒಂದು ಉತ್ಸಾಹವಿತ್ತು, ತಪ್ಪೇನೂ ಅಲ್ಲ. ಗೊತ್ತಿಲ್ಲದ್ದು ಗೊತ್ತಾದಾಗ ಬರುವ ಉತ್ಸಾಹ.

ಯಜಮಾನರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು.

"ನಾವು ಲಿಂಗವಂತ್ರು ಸ್ವಾಮಿ. ನಮ್ಮನೇಲಿ ಮೊಟ್ಟೇನೂ ತರಲ್ಲ."

ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತು, ತುಂಬ ಸಮಾಧಾನವಾಗಿ ವಿವರಿಸಿದರು. ಹಂದಿಮಾಂಸ ತಿಂದವರಿಗೆ ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ, ತಲೆಗೆ ಹೋಗುವುದು ಆ ಮಾಂಸವಲ್ಲ. ಆ ಹುಳುವಿನ ಮೊಟ್ಟೆ ಅಂಥವರ ಮಲದಲ್ಲಿ ಹೊರಗೆ ಬರುತ್ತದೆ. ಬಯಲಿನಿಂದ ಮಳೆನೀರಿಗೆ, ಕಾಲುವೆಗೆ, ಸೊಪ್ಪಿಗೆ ಸೇರುತ್ತದೆ. ಹಸಿಯಾಗಿ ತಿಂದರೆ ಯಾರ ಹೊಟ್ಟೆಗಾದರೂ ಹೋಗಿ ಒಡೆದು, ಮರಿ ರಕ್ತದ ಜೊತೆ ತಲೆಗೆ ಸೇರುತ್ತದೆ. ಮಾಂಸ ಮುಟ್ಟದವರಿಗೂ ಬರುವುದು ಹೀಗೆಯೇ, ನಿಮ್ಮ ತಪ್ಪು ಏನೇನೂ ಇಲ್ಲ ಎಂದರು. ಒಂದೊಂದು ಮಾತೂ ಸರಿಯಾಗಿತ್ತು. ಆ ಒಂದೊಂದು ಮಾತಿಗೂ ಯಜಮಾನರ ಮುಖ ಇಳಿಯುತ್ತ ಹೋಗುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ.

ಹುಳುವಿಗೆ ಔಷಧಿ ಇನ್ನೂ ಬಂದಿಲ್ಲ, ಫಿಟ್ಸ್ ತಡೆಯುವುದಕ್ಕೆ ಇದೆ ಎಂದು ಒಂದು ಬಿಳಿ ಮಾತ್ರೆ ಬರೆದುಕೊಟ್ಟರು. ಒಂದು ಮಾತನ್ನು ನನ್ನ ಕಡೆಗೂ ತಿರುಗಿ ಎರಡು ಸಲ ಹೇಳಿದರು. ಈ ಮಾತ್ರೆಯನ್ನು ಶುರುಮಾಡಿದ ಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಬಾರದು, ನಿಲ್ಲಿಸಿದರೆ ಮೊದಲಿಗಿಂತ ಕೆಟ್ಟದಾಗಿ ಬಂದು ಪ್ರಾಣಕ್ಕೇ ಅಪಾಯ.

ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಸೇತುವೆ ದಾಟಿದ ಮೇಲೆ ನನ್ನ ಕಡೆ ನೋಡದೆ ಹೇಳಿದರು.

"ಅಂದಿ ತಿಂದಿಲ್ಲ ಅಂತ ಎಲ್ಲಿ ಬೇಕಾರೂ ಆಣೆ ಮಾಡ್ಬೋದು ಮೇಷ್ಟ್ರೇ. ಈ ಒಲಸ್ನ ತಿಂದಿಲ್ಲ ಅಂತ ಎಂಗೆ ಆಣೆ ಮಾಡ್ಲಿ?"

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಹೇಳಿದರು. ಅದು ನನಗೆ ಸರಿಯಾಗಿ ನೆನಪಿಲ್ಲ... ಆ ಮೂಲಂಗಿಯನ್ನು ನಾನು ಲಿಂಗಕ್ಕೂ ಮುಟ್ಟಿಸಿದೆನಲ್ಲ ಎಂಬರ್ಥದ ಮಾತು.

ಅವರು ಅದನ್ನು ಮುಚ್ಚಿಡಬಹುದಿತ್ತು. ಆಸ್ಪತ್ರೆಯ ಕೋಣೆಯಲ್ಲಿ ಇದ್ದವರು ನಾವು ಮೂರು ಜನ. ನಾನು ಬಾಯಿ ಬಿಡುತ್ತಿರಲಿಲ್ಲ. ಆದರೆ ಯಾರಾದರೂ ಕೇಳಿದಾಗ ಅರ್ಧ ಹೇಳಿ ಅರ್ಧ ಬಿಡುವುದು ಅವರಿಂದ ಆಗುತ್ತಿರಲಿಲ್ಲ. ಅಂಗಡಿಯ ಜಗುಲಿಯಲ್ಲಿ ಕೂತವರು, ಡಾಕ್ಟರು ಏನಂದರು ಬುದ್ಧಿ ಎಂದು ಕೇಳಿದರು. ಇವರು ಬೇಳೆ ತೂಗುತ್ತಲೇ ಹುಳು, ಮೊಟ್ಟೆ, ಕಾಲುವೆ ಎಲ್ಲವನ್ನೂ ಹೇಳಿದರು. ಆಮೇಲೆ ಹೊಗೆಸೊಪ್ಪಿನ ಬೇಸಾಯದ ಒಬ್ಬ ರೈತ ಬೀಡಿ ಆರಿಸಿ ಹೇಳಿದ.

"ಅಲ್ಲ ಬುದ್ದಿ, ತಿಂದೋರ್ ತಲೆಗೆ ಓಗ್ದೆ ಇರೋ ಉಳ ತಿನ್ದೆ ಇರೋರ್ ತಲೆಗೆ ಓಯ್ತಾ? ಅಂಗಾರೆ ನೀವು ತಿಂದಿದ್ರೇ ವಾಸಿಯಿತ್ತು ಬುಡಿ."

ಜಗುಲಿಯೆಲ್ಲ ನಕ್ಕಿತು. ಯಜಮಾನರೂ ನಕ್ಕರು. ಬಹಳ ದಿನಗಳ ಮೇಲೆ ಅವರು ನಕ್ಕದ್ದನ್ನು ಕಂಡೆ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.

ಅವರ ಜನ ಬೇರೆ ರೀತಿ ತೆಗೆದುಕೊಂಡರು. ಹಬ್ಬ ಹರಿದಿನಗಳಲ್ಲಿ, ಮಠದ ಪೂಜೆಯ ದಿನ, ಊರಿನ ಲಿಂಗಾಯತರೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಿದ್ದರು. ಬಡಿಸುವುದರಲ್ಲಿ ಯಜಮಾನರು ಮುಂದು. ನಾನು ಆ ಪಂಕ್ತಿಯವನಲ್ಲವಾದ್ದರಿಂದ ಒಳಗೆ ಏನು ನಡೆಯಿತೆಂದು ಕಣ್ಣಾರೆ ನೋಡಿಲ್ಲ, ಅಕ್ಕ ಹೇಳಿದ್ದನ್ನು ಹೇಳುತ್ತಿದ್ದೇನೆ. ಇಬ್ಬರು ಹಿರಿಯರು, ಇವರು ಬಡಿಸಿದರೆ ತಾವು ಎಲೆಯಿಂದ ಏಳುತ್ತೇವೆ ಎಂದರಂತೆ. ಊರಿನ ಅಯ್ಯನವರು, ಎಂದರೆ ಅವರ ಮನೆಗಳಿಗೆಲ್ಲ ಲಿಂಗ ಕಟ್ಟುವ ಗುರುಗಳು, ಒಳ್ಳೆಯ ಮನುಷ್ಯ. ಜಗಳ ಬೇಡವೆಂದು ಅವರೊಂದು ದಾರಿ ತೋರಿಸಿದರು. ಯಜಮಾನರು ಎಲ್ಲರ ಮುಂದೆ ಲಿಂಗ ಹಿಡಿದು, ತಾನು ಹಂದಿ ತಿಂದಿಲ್ಲ, ಡಾಕ್ಟರು ಹೇಳಿದ್ದು ಸುಳ್ಳು ಎಂದು ಹೇಳಲಿ, ಅಲ್ಲಿಗೆ ಮುಗಿಯಿತು.

ಮೊದಲಿನ ಅರ್ಧವನ್ನು ಹೇಳುತ್ತೇನೆ, ಎರಡನೆಯದನ್ನು ಹೇಳಲಾರೆ ಎಂದರಂತೆ ಇವರು. ಆ ಚಿತ್ರವನ್ನು ನಾನು ಕಣ್ಣಾರೆ ನೋಡಿದ್ದೇನೆ, ಸುಳ್ಳು ಅಂತ ಲಿಂಗ ಹಿಡಿದು ಹೇಗೆ ಹೇಳಲಿ ಎಂದು. ಅವತ್ತಿನಿಂದ ಪಂಕ್ತಿಗೆ ಹೋಗುವುದನ್ನು ತಾವೇ ಬಿಟ್ಟರು. ಅಡುಗೆಗೆ ಬೇಕಾದ ಬೇಳೆ, ಬೆಲ್ಲ ಮಾತ್ರ ಎಂದಿನಂತೆ ಅಂಗಡಿಯಿಂದ ಹೋಗುತ್ತಿತ್ತು. ಅದನ್ನು ಯಾರೂ ವಾಪಸು ಕಳುಹಿಸಲಿಲ್ಲ.

ಮಾತ್ರೆಯ ಡಬ್ಬಿಯನ್ನು ತೆರೆದಿರಲೂ ಇಲ್ಲ. ಅದನ್ನು ನುಂಗುವುದೆಂದರೆ ಆ ಹೊಲಸು ತನ್ನೊಳಗಿದೆ ಎಂದು ದಿನಾ ಒಪ್ಪಿಕೊಂಡ ಹಾಗೆ ಅವರಿಗೆ. ನಾನು ಹೇಳಿ ನೋಡಿದೆ. ಕೇಳಿಸಿಕೊಂಡು ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಫಿಟ್ಸ್ ಬರುತ್ತಲೇ ಇತ್ತು. ಒಂದು ದಿನ ಒಲೆಯ ಮುಂದೆ ಬಿದ್ದು ಮೊಣಕೈ ಸುಟ್ಟುಕೊಂಡರು. ಮಗಳು ಅದನ್ನು ಕಂಡು ಹೆದರಿ ಅಪ್ಪನ ಹತ್ತಿರ ಬರುವುದನ್ನೇ ಬಿಟ್ಟಳು.

ಆಗ ದಾರಿ ಕಂಡದ್ದು ಅಕ್ಕನಿಗೆ. ನಾನು ಬಾವಿಯ ಹತ್ತಿರ ನೀರು ಸೇದುತ್ತಿದ್ದೆ, ಅವರು ಹಿತ್ತಲ ಬಾಗಿಲಲ್ಲಿ ಗಂಡನ ಸುಟ್ಟ ಮೊಣಕೈಗೆ ಬೆಣ್ಣೆ ಹಚ್ಚುತ್ತಿದ್ದರು.

"ನೀವು ಬಾಯಿಗಾಕೊಳೋದೆಲ್ಲ ಲಿಂಗಕ್ಕೆ ತೋರ್ಸಿ ತಾನೆ ಆಕೊಳೋದು? ಇದ್ನೂ ತೋರ್ಸಿ. ಅವ್ನಿಗೆ ಕೊಟ್ಮೇಲೆ ಅದು ಪರ್ಸಾದ. ಅಂದೀದಲ್ಲ, ಡಾಕ್ಟ್ರುದೂ ಅಲ್ಲ."

ಮಾರನೆಯ ಬೆಳಗ್ಗೆ ಪೂಜೆಯ ಕೊನೆಗೆ ಅಂಗೈಯ ಲಿಂಗದ ಮುಂದೆ ಒಂದು ಬಿಲ್ವಪತ್ರೆಯ ಮೇಲೆ ಆ ಬಿಳಿ ಮಾತ್ರೆ ಇತ್ತು. ಬಾಗಿಲು ತೆರೆದಿತ್ತು, ನಾನು ಶಾಲೆಗೆ ಹೊರಟವನು ನೋಡಿದೆ. ತೀರ್ಥದ ಜೊತೆ ಅದನ್ನು ನುಂಗಿದರು.

ಮೊದಲ ಕೆಲವು ದಿನ ಮಂಪರು. ತಕ್ಕಡಿ ಹಿಡಿದುಕೊಂಡೇ ತೂಕಡಿಸುತ್ತಿದ್ದರು, ಗಿರಾಕಿಗಳೇ ಎಬ್ಬಿಸಿ ತೂಗಿಸಿಕೊಳ್ಳುತ್ತಿದ್ದರು. ಕ್ರಮೇಣ ಅದು ಸರಿಹೋಯಿತು. ಫಿಟ್ಸ್ ಒಂದೆರಡು ಬಾರಿ ಬಂದು ನಿಂತೇ ಹೋಯಿತು. ಮುಂಗಾರಿನಲ್ಲಿ ನಿಂತದ್ದು ಸಂಕ್ರಾಂತಿ ದಾಟಿದರೂ ಬರಲಿಲ್ಲ. ಸೀಮೆಎಣ್ಣೆಯನ್ನು ಮತ್ತೆ ಅವರೇ ಅಳೆಯತೊಡಗಿದರು. ಮಗಳು ಅವರ ಹೆಗಲೇರಿ ಸಂತೆಗೆ ಹೋಗುವುದನ್ನು ನೋಡಿದೆ. ಒಬ್ಬ ಮನುಷ್ಯ ಪೂರ್ತಿ ವಾಪಸು ಬಂದ ಹಾಗೆ ಇತ್ತು. ಪಂಕ್ತಿಯ ಮಾತು ಮಾತ್ರ ಹಾಗೆಯೇ ಉಳಿದಿತ್ತು. ಅದನ್ನು ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಒಂದು ಶನಿವಾರ ನಾನು ಊರಿಗೆ ಹೋಗಿದ್ದೆ. ಸೋಮವಾರ ಬೆಳಗಿನ ಬಸ್ಸಿಗೆ ಬಂದಾಗ ಅಂಗಡಿಯ ಬಾಗಿಲು ಹಾಕಿತ್ತು. ಏನಾಯಿತೆಂದು ಅಕ್ಕ ಹೇಳಿದರು. ಶನಿವಾರ ಸಂಜೆ ಹುರುಳಿಯ ಚೀಲವನ್ನು ಎತ್ತಲು ಬಗ್ಗಿದಾಗ ಕರಡಿಗೆಯ ಹಳೆಯ ದಾರ ಹರಿಯಿತು. ಕರಡಿಗೆ ಕಬ್ಬಿಣದ ತೂಕದ ಕಲ್ಲಿನ ಮೇಲೆ ಬಿದ್ದು ಬಾಯಿ ಬಿಟ್ಟಿತು. ಒಳಗಿದ್ದ ಲಿಂಗ ಎರಡಾಯಿತು. ಫಿಟ್ಸೂ ಇಲ್ಲ, ಯಾರ ಕೈ ತಾಗಿದ್ದೂ ಇಲ್ಲ. ದಾರ ಸವೆದಿತ್ತು, ಅಷ್ಟೇ.

ಲಿಂಗ ಭಿನ್ನವಾದರೆ ಅವರಲ್ಲಿ ಅದು ಸಣ್ಣ ಮಾತಲ್ಲ. ಹಳೆಯ ಕಾಲದವರು ಪ್ರಾಣವನ್ನೇ ಬಿಡುತ್ತಿದ್ದರೆಂದು ಹೇಳುತ್ತಿದ್ದರು. ಈಗ ಗುರುಗಳು ಹೊಸದನ್ನು ಕಟ್ಟುವ ತನಕ ಊಟವಿಲ್ಲ. ಸಾಧಾರಣವಾಗಿ ಅದೇ ದಿನ ಕಟ್ಟುತ್ತಾರೆ. ಅಯ್ಯನವರು ಕೂಡಲೇ ಬಂದರು. ಬಂದು, ಸ್ವಲ್ಪ ಹೊತ್ತು ಯೋಚಿಸಿದರಂತೆ. ತಾನು ಈಗಲೇ ಕಟ್ಟಿದರೆ ಆ ಹಿರಿಯರು ನಾಳೆ ತಕರಾರು ಎತ್ತುತ್ತಾರೆ. ಮಠಕ್ಕೆ ಹೋಗಿ ದೊಡ್ಡ ಸ್ವಾಮಿಗಳ ಅಪ್ಪಣೆಯನ್ನೇ ತಂದು ಕಟ್ಟಿದರೆ ಎಲ್ಲರ ಬಾಯಿ ಒಂದೇ ಸಲಕ್ಕೆ ಮುಚ್ಚುತ್ತದೆ, ಯಜಮಾನರು ಪಂಕ್ತಿಗೂ ವಾಪಸಾಗುತ್ತಾರೆ. ಹಾಗೆ ಲೆಕ್ಕ ಹಾಕಿ ಭಾನುವಾರದ ಬಸ್ಸಿಗೆ ಹೊರಟರು. ತಾನು ಬರುವ ತನಕ ನೀರಿಗೂ ಹಾಲಿಗೂ ದೋಷವಿಲ್ಲ, ತಗೊಳ್ಳಿ ಎಂದು ಅಪ್ಪಣೆ ಕೊಟ್ಟು ಹೋದರು. ಇವರ ಒಳ್ಳೆಯದಕ್ಕೆಂದೇ ಹೋದರು. ಅದನ್ನು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಮಾತ್ರೆಯ ವಿಷಯ ಅಯ್ಯನವರಿಗೆ ಹೊಳೆಯಲಿಲ್ಲ. ಕೇಳಬೇಕೆಂದು ಇವರಿಗೂ ತೋಚಲಿಲ್ಲ. ಸೋಮವಾರ ನಾನು ಹೋದಾಗ ಅವರು ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಎದೆಯ ಮೇಲೆ ಕರಡಿಗೆ ಇರಲಿಲ್ಲ. ಆ ಜಾಗದಲ್ಲಿ ಚರ್ಮ ಬೇರೆ ಕಡೆಗಿಂತ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಹಾಲಿನ ಲೋಟ. ಮಾತ್ರೆ ತೆಗೆದುಕೊಂಡಿರೇ ಎಂದೆ. ಇಲ್ಲ ಎಂದರು. ಡಾಕ್ಟರು ಎರಡು ಸಲ ಹೇಳಿದ ಮಾತನ್ನು ನೆನಪಿಸಿದೆ. ಅದು ಊಟವಲ್ಲ, ಔಷಧಿ ಎಂದೆ.

"ಬ್ಯಾಡ ಅಂತಿಲ್ಲ ಮೇಷ್ಟ್ರೇ. ಯಾರ್ಗೆ ತೋರ್ಸಿ ತಗೊಳ್ಲಿ?"

ಹಾಲಿಗೆ ಅಪ್ಪಣೆ ಇದೆಯಲ್ಲ, ಅದರ ಜೊತೆಯಲ್ಲೇ ನುಂಗಬಹುದಲ್ಲ ಎಂದೆ. ಅಪ್ಪಣೆ ಹಾಲಿಗೆ ಎಂದರು. ಲಿಂಗಕ್ಕೆ ಕೊಡದೆ ನುಂಗಿದರೆ ಅದು ಮತ್ತೆ ಮೊದಲಿನದೇ ಆಗುತ್ತದೆ ಎಂದೂ ಹೇಳಿದರು. ಮೊದಲಿನದು ಎಂದರೆ ಏನೆಂದು ನನಗೆ ಗೊತ್ತಿತ್ತು. ಅಯ್ಯನವರು ಬುಧವಾರ ಬರುತ್ತಾರೆ, ಎರಡು ದಿನ ತಾನೆ, ಇಷ್ಟು ತಿಂಗಳು ಬಂದಿಲ್ಲ, ಎರಡು ದಿನದಲ್ಲಿ ಏನಾಗುತ್ತದೆ ಎಂದು ನನ್ನನ್ನೇ ಸಮಾಧಾನ ಮಾಡಿದರು. ಅಡುಗೆಮನೆಯಲ್ಲಿ ಅಕ್ಕನಿಗೆ, ಹಾಲಿನಲ್ಲಿ ಅರೆದು ಕೊಟ್ಟುಬಿಡಿ ಎಂದೆ. ಅಕ್ಕ ನನ್ನನ್ನೇ ನೋಡಿದರು. ಗೊತ್ತಾದ್ರೆ ನನ್ ಕೈಲಿ ಇನ್ ನೀರೂ ಕುಡಿಯಲ್ಲ ಎಂದರು. ಮಂಗಳವಾರವೂ ಹೋದೆ, ಮತ್ತೆ ಹೇಳಿದೆ. ಮಂಗಳವಾರ ಸಂಜೆ ಅವರ ಬೆರಳುಗಳು ನಡುಗುತ್ತಿದ್ದವು. ಉಪವಾಸ, ಅದಕ್ಕೆ ಎಂದರು.

ಬುಧವಾರ ಬೆಳಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಗೋಡೆಯ ಆಚೆಯಿಂದ ಸದ್ದು ಕೇಳಿತು. ಒಂದು ಬಂದು ಬಿಡುವ ಮೊದಲೇ ಇನ್ನೊಂದು ಬಂತು. ಮೊದಲೆಲ್ಲ ನಿಂತ ಮೇಲೆ ಕಣ್ಣು ಬಿಡುತ್ತಿದ್ದರು. ಈ ಸಲ ಬಿಡಲಿಲ್ಲ. ಜಗುಲಿಯಲ್ಲಿ ತಮಾಷೆ ಮಾಡಿದ್ದ ಆ ರೈತನೇ ಓಡಿ ಹೋಗಿ ರಸ್ತೆಯಲ್ಲಿ ಹೊಗೆಸೊಪ್ಪಿನ ಲಾರಿಯೊಂದನ್ನು ನಿಲ್ಲಿಸಿದ. ಸೊಪ್ಪು ಕಟ್ಟಿದ ಬೇಲುಗಳ ಮೇಲೆ ಚಾಪೆ ಹಾಸಿ ಮಲಗಿಸಿದೆವು. ನಾನು ತಲೆ ಹಿಡಿದುಕೊಂಡಿದ್ದೆ, ಅವನು ಕಾಲು ಹಿಡಿದುಕೊಂಡಿದ್ದ. ಅಕ್ಕ ತಮ್ಮ ಕೈಯನ್ನು ಅವರ ಎದೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಹುಣಸೂರಿನ ಆಸ್ಪತ್ರೆಯಲ್ಲಿ ತಡಮಾಡದೆ ಚುಚ್ಚುಮದ್ದು ಕೊಟ್ಟರು. ಘಾಟು ವಾಸನೆಯ ಔಷಧಿ, ಕೋಣೆಯೆಲ್ಲ ತುಂಬಿಕೊಂಡಿತು. ಕೈಲಾದದ್ದನ್ನೆಲ್ಲ ಮಾಡಿದರು. ಮಧ್ಯಾಹ್ನದ ಮೇಲೆ ನಡುಕ ನಿಂತಿತು. ನಿಂತಿತಲ್ಲ ಎಂದು ನಾನು ಅಕ್ಕನಿಗೆ ಹೇಳುತ್ತಿರುವಾಗಲೇ ನರ್ಸು ಬಂದು ನಮ್ಮನ್ನು ಪಕ್ಕಕ್ಕೆ ಸರಿಯಲು ಹೇಳಿದರು...

ಸಂಜೆ ಹೆಣವನ್ನು ಊರಿಗೆ ತಂದಾಗ ಅಯ್ಯನವರು ಜಗುಲಿಯ ಮೇಲೆ ಕೂತಿದ್ದರು. ಮಧ್ಯಾಹ್ನದ ಬಸ್ಸಿಗೇ ಬಂದಿದ್ದರು. ಹೊಸ ಲಿಂಗ ಅವರ ಮಡಿಲಲ್ಲಿತ್ತು. ಮಠದ ಸ್ವಾಮಿಗಳು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲವಂತೆ. ಅವನನ್ನು ಹಾಗೆ ಬಿಟ್ಟು ಇಲ್ಲಿಗೆ ಯಾಕೆ ಬಂದೆ, ಮೊದಲು ಕಟ್ಟಿ ಆಮೇಲೆ ಬರಬೇಕಿತ್ತು ಎಂದು ಬೈದು ಕಳುಹಿಸಿದ್ದರಂತೆ. ಏನಾಯಿತೆಂದು ನಾನು ಹೇಳಿದೆ. ಮಾತ್ರೆ ನಿಂತದ್ದನ್ನೂ, ಯಾಕೆ ನಿಂತಿತೆಂಬುದನ್ನೂ ಹೇಳಿದೆ. ಅಯ್ಯನವರು ಎದ್ದು ಹೆಣದ ಹತ್ತಿರ ಹೋಗಿ ಕೂತರು.

"ಒಂದ್ ಮಾತ್ ಕೇಳಿದ್ರೆ ತಗೋ ಅಂತಿದ್ನಲ್ಲಪ್ಪಾ" ಎಂದರು. ನನಗಲ್ಲ, ಹೆಣಕ್ಕೆ.

ಅವರಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಆ ಹೊಸ ಲಿಂಗವನ್ನು ಅವರ ಅಂಗೈಯಲ್ಲಿ ಇಟ್ಟರು. ಅಯ್ಯನವರು ಕಿವಿಯ ಹತ್ತಿರ ಬಾಗಿ ಮಂತ್ರ ಹೇಳಿದರು, ಬದುಕಿದ್ದವರಿಗೆ ಹೇಳುವ ಹಾಗೆಯೇ. ಊರಿನ ಅವರ ಜನರೆಲ್ಲ ಬಂದಿದ್ದರು. ಎಲೆಯಿಂದ ಏಳುತ್ತೇವೆ ಎಂದಿದ್ದ ಆ ಇಬ್ಬರೂ ಬಂದು ಮಣ್ಣು ಹಾಕಿದರು. ಕಾರ್ಯದ ಊಟದ ದಿನ ಪಂಕ್ತಿಯಲ್ಲಿ ಯಾರೂ ತಕರಾರು ಮಾಡಲಿಲ್ಲವೆಂದು ಅಕ್ಕ ಹೇಳಿದರು. ಬೇಳೆ ಬೆಲ್ಲ ಆ ಅಂಗಡಿಯದೇ.

ಮರುವರ್ಷ ನನಗೆ ವರ್ಗವಾಯಿತು. ಅಕ್ಕ ಅಂಗಡಿ ಮಾರಿ, ಮಗಳು ದೊಡ್ಡವಳಾಗಿ ಮದುವೆಯಾದ ಮೇಲೆ ಎಚ್.ಡಿ. ಕೋಟೆಯಲ್ಲಿ ಅವಳ ಮನೆಗೆ ಸೇರಿಕೊಂಡರು. ನಾನು ಕೆಲಸದ ಮೇಲೆ ಆ ಕಡೆ ಹೋದಾಗಲೆಲ್ಲ ಹೋಗಿ ಮಾತನಾಡಿಸಿ ಬರುತ್ತಿದ್ದೆ. ಹಳೆಯದನ್ನು ಅವರು ಎತ್ತುತ್ತಿರಲಿಲ್ಲ. ಕೊನೆಯ ಸಲ ಹೋದಾಗ ಕಣ್ಣು ಮಂಜಾಗಿತ್ತು, ದನಿಯಿಂದ ನನ್ನನ್ನು ಗುರುತಿಸಿದರು. ಮಗಳು ಕಾಫಿ ಮಾಡಲು ಒಳಗೆ ಹೋದಳು. ಆಗ ಕೇಳಿದರು, ಅದೆಷ್ಟು ವರ್ಷದಿಂದ ಇಟ್ಟುಕೊಂಡಿದ್ದರೋ.

"ಲಿಂಗಕ್ಕೆ ತೋರ್ಸಿ ತಗೊಳಿ ಅಂತ ನಾನು ಅನ್ದೆ ಇದ್ದಿದ್ರೆ ಏನಾಗದು ಮೇಷ್ಟ್ರೇ?"

ನೀವು ಹಾಗೆ ಹೇಳದೆ ಇದ್ದಿದ್ದರೆ ಒಂದು ಮಾತ್ರೆಯನ್ನೂ ಅವರು ಮುಟ್ಟುತ್ತಿರಲಿಲ್ಲ, ಆ ಒಳ್ಳೆಯ ತಿಂಗಳುಗಳು ಸಿಕ್ಕಿದ್ದೇ ನಿಮ್ಮಿಂದ ಎಂದೆ. ಅದು ನಿಜ. ನಾನು ಅದನ್ನು ನೋಡಿದ್ದೆ.

"ತಗೊಂಡಿದ್ದು ನನ್ನಿಂದ" ಎಂದರು. "ಬುಟ್ಟಿದ್ದೂ ನನ್ನಿಂದ್ಲೇ ಅಲ್ವಾ?"

ಕಾಫಿ ಬಂತು. ಮಗಳು ಮಳೆಯ ಮಾತು ಎತ್ತಿದಳು, ಬಸ್ಸಿನ ಹೊತ್ತು ಕೇಳಿದಳು. ಅಕ್ಕ ಲೋಟವನ್ನು ಎದೆಯ ಮೇಲಿನ ಕರಡಿಗೆಗೆ ಮುಟ್ಟಿಸಿ ಕುಡಿದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಅಕ್ಕ ಹೋಗಿಯೂ ಈಗ ಬಹಳ ವರ್ಷವಾಯಿತು. ಅಯ್ಯನವರಿಲ್ಲ, ಆ ಡಾಕ್ಟರೂ ಇರಲಾರರು. ಆ ಬುಧವಾರ ಲಾರಿಯ ಮೇಲೆ ಕೂತಿದ್ದವರಲ್ಲಿ ಉಳಿದಿರುವವನು ನಾನೊಬ್ಬನೇ ಇರಬೇಕು. ಕೋಟೆಯಿಂದ ಬರುವ ಬಸ್ಸಿನಲ್ಲಿ ಅವತ್ತು ದಾರಿಯುದ್ದಕ್ಕೂ ಒಂದು ಉತ್ತರ ಹುಡುಕಿದೆ, ಮುಂದಿನ ಸಲ ಹೇಳೋಣ ಎಂದುಕೊಂಡು. ಆ ಮುಂದಿನ ಸಲ ಬರಲೇ ಇಲ್ಲ.